ಏಳನೇ ಕಲಮಿನ ಬಾಲ

ಬೆಂಗಳೂರಿನ ಯಾವುದಾದರೂ ಅಡ್ಡರಸ್ತೆಯಲ್ಲಿ ಇಡ್ಲಿ-ವಡೆಯ ದರ್ಶಿನಿ ತೆರೆಯುತ್ತೇನೆಂದರೆ ಪಾಲಿಕೆಯಿಂದ ಟ್ರೇಡ್ ಲೈಸೆನ್ಸ್ ತರಬೇಕು, ಆಹಾರ ಸುರಕ್ಷತೆಯವರು ಕೊಟ್ಟ ಕಾಗದವನ್ನು ಕ್ಯಾಶ್ ಕೌಂಟರಿನ ಹಿಂದೆ ತೂಗುಹಾಕಬೇಕು. ಅದೇ ಮನುಷ್ಯ ಸಾವಿರ ಮೆಗಾವಾಟಿನ ವಿದ್ಯುತ್ ಸ್ಥಾವರ ಕಟ್ಟಲು ಹೊರಟರೆ ದೇಶದ ವಿದ್ಯುತ್ ಕಾಯ್ದೆ ಲೈಸೆನ್ಸನ್ನೇ ಕೇಳುವುದಿಲ್ಲ. ಪರಿಸರ, ಜಮೀನು, ನೀರು ಎಂದು ಬೇರೆ ಬೇರೆ ಕಾಯ್ದೆಗಳ ಬಾಗಿಲು ತಟ್ಟಬೇಕು, ನಿಜ. ದೊಡ್ಡ ಜಲವಿದ್ಯುತ್ ಯೋಜನೆಯಾದರೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಆದರೆ ಕರೆಂಟು ಉತ್ಪಾದಿಸುವ ಕೆಲಸಕ್ಕೆಂದೇ ಒಂದು ಪರವಾನಗಿ ಪತ್ರ, ಅದರ ಮೇಲೊಂದು ಸೀಲು, ಅದು ಇಲ್ಲ.

2003ರ ಜೂನ್ 10ರಂದು ಜಾರಿಗೆ ಬಂದ ಈ ಕಾಯ್ದೆಯಲ್ಲಿ 185 ಕಲಂಗಳಿವೆ. ಏಳನೆಯದು ಒಂದೇ ಒಂದು ವಾಕ್ಯ. ಇಂಗ್ಲಿಷಿನಲ್ಲಿ ನಲವತ್ತು ಪದಗಳ ಆಸುಪಾಸು. ಯಾವ ಉತ್ಪಾದನಾ ಕಂಪನಿಯೇ ಆಗಲಿ, ಲೈಸೆನ್ಸ್ ಪಡೆಯದೆ ಸ್ಥಾವರ ಕಟ್ಟಬಹುದು, ನಡೆಸಬಹುದು, ಇಟ್ಟುಕೊಳ್ಳಬಹುದು ಎಂಬುದು ಅದರ ತಲೆ. ಗ್ರಿಡ್ಡಿಗೆ ಜೋಡಿಸಿಕೊಳ್ಳುವ ತಾಂತ್ರಿಕ ನಿಯಮಗಳನ್ನು ಪಾಲಿಸಿದರೆ ಮಾತ್ರ ಎಂಬುದು ಬಾಲ. 1948ರ ಕಾಯ್ದೆಯಡಿ ಅರ್ಧ ಶತಮಾನ ವಿದ್ಯುತ್ ಮಂಡಳಿಗಳ ಅಪ್ಪಣೆಯಲ್ಲೇ ಬದುಕಿದ ದೇಶಕ್ಕೆ ತಲೆಯ ಭಾಗವೇ ದೊಡ್ಡ ಸುದ್ದಿಯಾಗಿ ಕಂಡಿತು. ಬಾಲವನ್ನು ಆಗ ಹೆಚ್ಚು ಜನ ನೋಡಲಿಲ್ಲ. ಆಮೇಲಿನ ಎರಡು ದಶಕಗಳಲ್ಲಿ ಅದು ಲಂಕೆಯ ಹನುಮಂತನ ಬಾಲದ ಹಾಗೆ ಬೆಳೆದಿದೆ. ಸುತ್ತಿದಷ್ಟೂ ಬಟ್ಟೆ ಸಾಲದು.

ಎಷ್ಟು ಬೆಳೆದಿದೆ ಎಂದು ಅಳೆಯಬೇಕಾದರೆ ಮೊದಲು ಆ 'ಗ್ರಿಡ್' ಎಂಬ ಪದದ ಒಳಗೆ ಏನೇನಿದೆ ಎಂದು ನೋಡಬೇಕು.

ಸ್ವಾತಂತ್ರ್ಯ ಬಂದಾಗ ಇಡೀ ಭಾರತದ ವಿದ್ಯುತ್ ಉತ್ಪಾದನಾ ಸಾಮರ್ಥ್ಯ 1,362 ಮೆಗಾವಾಟ್. ಈಗ ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ ಒಂದರದೇ 2,050. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ 13,000 ಎಕರೆ ಬೆದ್ದಲು ನೆಲ ಸೇರಿ 1947ರ ಭಾರತವನ್ನು ಒಂದೂವರೆ ಪಟ್ಟು ಮೀರಿಸಿದೆ (ಹಗಲಲ್ಲಿ ಮಾತ್ರ ಎನ್ನಿ). 2025ರ ಸೆಪ್ಟೆಂಬರ್ ಕೊನೆಗೆ ದೇಶದ ಒಟ್ಟು ಸಾಮರ್ಥ್ಯ 5 ಲಕ್ಷ ಮೆಗಾವಾಟ್ ದಾಟಿತು. 78 ವರ್ಷಗಳಲ್ಲಿ ಜನ ನಾಲ್ಕು ಪಟ್ಟು ಚಿಲ್ಲರೆ ಹೆಚ್ಚಿದರೆ ವಿದ್ಯುತ್ ಯಂತ್ರಗಳು 367 ಪಟ್ಟು ಹೆಚ್ಚಿವೆ. ಅವನ್ನು ಹೆಣೆಯುವ 220 ಕಿಲೋವೋಲ್ಟ್ ಮತ್ತು ಮೇಲಿನ ಲೈನುಗಳ ಉದ್ದ 4 ಲಕ್ಷ 90 ಸಾವಿರ ಸರ್ಕ್ಯೂಟ್ ಕಿಲೋಮೀಟರಿಗೂ ಹೆಚ್ಚು. ಒಂದೇ ಟವರಿನ ಮೇಲೆ ಎರಡು ಸರ್ಕ್ಯೂಟ್ ಓಡಿದರೆ ಎರಡು ಸಲ ಎಣಿಸುವ ಲೆಕ್ಕ ಇದು. ಆದರೂ ಬಿಡಿಸಿ ಸುತ್ತಿದರೆ ಭೂಮಿಗೆ ಹನ್ನೆರಡು ಸುತ್ತು ಬರುತ್ತದೆ.

ಉದ್ದಕ್ಕಿಂತ ನನ್ನನ್ನು ಹೆಚ್ಚು ದಂಗುಬಡಿಸುವುದು ತಾಳ. ಕಲ್ಲಿದ್ದಲಿನ ಸ್ಥಾವರದ ದೊಡ್ಡ ಟರ್ಬೈನು ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 50. ರಾಯಚೂರಿನ ಶಕ್ತಿನಗರದಲ್ಲಿ ತಿರುಗುವ ಭಾರಿ ಉಕ್ಕಿನ ದಂಡವೂ ಒಡಿಶಾದ ತಾಲ್ಚೇರಿನದೂ ಪಂಜಾಬಿನದೂ ಒಂದೇ ತಾಳಕ್ಕೆ ಬಿದ್ದಿವೆ. ಸಾವಿರಾರು ಕಿಲೋಮೀಟರ್ ದೂರದಲ್ಲಿರುವ, ಒಂದನ್ನೊಂದು ಎಂದೂ ಕಾಣದ ಯಂತ್ರಗಳು ತಂತಿಯಲ್ಲಿ ಹರಿಯುವ ಸೆಳೆತದಿಂದಲೇ ಹೆಜ್ಜೆ ಕೂಡಿಸುತ್ತವೆ. ಜಲವಿದ್ಯುತ್ತಿನ ಟರ್ಬೈನುಗಳು ನಿಧಾನ, ಆದರೆ ಅವುಗಳಲ್ಲಿ ಕಾಂತಧ್ರುವಗಳು ಹೆಚ್ಚಿರುವುದರಿಂದ ಹೊಮ್ಮುವುದು ಅದೇ 50 ಹರ್ಟ್ಸ್. ಭೂತಾನದ ಯಂತ್ರಗಳೂ ಇದೇ ತಾಳದಲ್ಲಿವೆ. 50 ಹರ್ಟ್ಸಿನ ಒಂದು ಅಲೆ, ಬೆಳಕಿನ ವೇಗದಲ್ಲಿ ಹಿಡಿದರೆ, 6,000 ಕಿಲೋಮೀಟರ್ ಉದ್ದ. ಭಾರತ ಉತ್ತರದಿಂದ ದಕ್ಷಿಣಕ್ಕೆ 3,214 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನಮ್ಮ ದೇಶ ಒಂದು ಅಲೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಗ್ರಿಡ್ ಸಂಹಿತೆ ಈ ತಾಳಕ್ಕೆ ಕೊಟ್ಟಿರುವ ಸಡಿಲ 49.90ರಿಂದ 50.05 ಹರ್ಟ್ಸ್. ಕೋಲಾಟದ ವೃತ್ತ ಭರದಲ್ಲಿ ತಿರುಗುತ್ತಿರುವಾಗ ಹೊಸಬನೊಬ್ಬ ಒಳಗೆ ಸೇರಬೇಕು ಎಂದುಕೊಳ್ಳಿ. ಎಲ್ಲರ ಕೋಲು ಬೀಳುವ ಹೊತ್ತಿಗೇ ಅವನ ಕೋಲೂ ಬೀಳಬೇಕು, ಅದೇ ಎತ್ತರದಲ್ಲಿ ಬೀಳಬೇಕು, ಅದೇ ದಿಕ್ಕಿಗೆ ಬೀಳಬೇಕು. ತಪ್ಪಿದರೆ ಬೆರಳು ಜಜ್ಜುತ್ತದೆ. ಹೊಸ ಸ್ಥಾವರ ಬ್ರೇಕರ್ ಹಾಕುವ ಕ್ಷಣವೂ ಇಂಥದ್ದೇ: ವೋಲ್ಟೇಜು, ಆವರ್ತನ, ಹಂತ ಮೂರೂ ಕೂಡಿಬರಬೇಕು. ಇಲ್ಲಿ ಜಜ್ಜುವುದು ಬೆರಳಲ್ಲ.

ಎಷ್ಟು ಜಜ್ಜಬಹುದು ಎಂಬುದಕ್ಕೆ 2012ರ ಜುಲೈ 30ರ ನಸುಕಿನ 2 ಗಂಟೆ 33 ನಿಮಿಷ ಸಾಕ್ಷಿ. ಮಧ್ಯಪ್ರದೇಶದ ಬೀನಾದಿಂದ ಗ್ವಾಲಿಯರಿಗೆ ಹೋಗುವ 400 ಕಿಲೋವೋಲ್ಟಿನ ಒಂದು ಲೈನು ಟ್ರಿಪ್ ಆಯಿತು. ಜೊತೆಯ ಇನ್ನೊಂದನ್ನು ಮೇಲ್ದರ್ಜೆಗೇರಿಸುವ ಕೆಲಸಕ್ಕೆಂದು ಮೊದಲೇ ನಿಲ್ಲಿಸಿದ್ದರು. ಲೈನು ಹರಿದಿರಲಿಲ್ಲ, ಮರ ಬಿದ್ದಿರಲಿಲ್ಲ. ಅಳತೆ ಮೀರಿ ಹರಿಯುತ್ತಿದ್ದ ಕರೆಂಟನ್ನು ಕಾವಲಿನ ರಿಲೇ ದೋಷವೆಂದು ತಪ್ಪು ತಿಳಿದು ಬಾಗಿಲು ಹಾಕಿತು ಎಂದು ತನಿಖಾ ಸಮಿತಿ ಬರೆಯಿತು. ಉತ್ತರ ಭಾರತದ ಸುಮಾರು 36,000 ಮೆಗಾವಾಟ್ ನೆಲಕಚ್ಚಿತು. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಅದೇ ಬೀನಾ, ಅದೇ ಗ್ವಾಲಿಯರ್. ಈ ಸಲ ಉತ್ತರ, ಪೂರ್ವ, ಈಶಾನ್ಯ ಮೂರೂ ಮುಳುಗಿ 48,000 ಮೆಗಾವಾಟ್ ಹೋಯಿತು. ಕತ್ತಲಲ್ಲಿ ಕೂತವರು 60 ಕೋಟಿಗೂ ಹೆಚ್ಚು. ಒಂದು ರಿಲೇಯ ಅನುಮಾನಕ್ಕೆ ಆಗಿನ ಭಾರತದ ಅರ್ಧ ಜನಸಂಖ್ಯೆ.

ಆ ಎರಡೂ ದಿನ ಕರ್ನಾಟಕ ಈ ಕತ್ತಲಲ್ಲಿ ಮುಳುಗಲಿಲ್ಲ. ದಕ್ಷಿಣದ ಗ್ರಿಡ್ ಆಗ ಬೇರೆಯದೇ ತಾಳದ ಕೋಲಾಟ. ಉತ್ತರದ ಜೊತೆ ನಂಟಿತ್ತು, ಆದರೆ ಏಕಮುಖ ವಿದ್ಯುತ್ತಿನ ಮೂಲಕ ಮಾತ್ರ, ಹಿತ್ತಿಲ ಬೇಲಿಯ ಮೇಲಿಂದ ಸಕ್ಕರೆ ಬಟ್ಟಲು ದಾಟಿಸಿದ ಹಾಗೆ. ಅಂಥ ಬೇಲಿಗಳಲ್ಲಿ ದೊಡ್ಡದು ತಾಲ್ಚೇರಿನಿಂದ ಕೋಲಾರಕ್ಕೆ ಬಂದಿರುವ ±500 ಕಿಲೋವೋಲ್ಟಿನ ಲೈನು. ಅದೂ 2003ರ ಕೂಸು.

ಕೋಲಾರ ಎಂದಾಗ ಕನ್ನಡಿಗನಿಗೆ ಇನ್ನೊಂದು ತಂತಿ ನೆನಪಾಗದೆ ಇರದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೊಳೆತು 1902ರಲ್ಲಿ ಹೊತ್ತಿಕೊಂಡ ಶಿವನಸಮುದ್ರ. ತಲಾ 720 ಕಿಲೋವಾಟಿನ ಆರು ಯಂತ್ರ, ಒಟ್ಟು 4.32 ಮೆಗಾವಾಟ್. ಅಲ್ಲಿಂದ ಚಿನ್ನದ ಗಣಿಗೆ 147 ಕಿಲೋಮೀಟರ್, 35 ಸಾವಿರ ವೋಲ್ಟ್. ಅಷ್ಟು ದೂರಕ್ಕೆ ಕರೆಂಟು ಸಾಗಿಸಿದ ಲೈನು ಆಗ ಜಗತ್ತಿನಲ್ಲೇ ವಿರಳ. ನೂರೊಂದು ವರ್ಷದ ನಂತರ ಅದೇ ಕೋಲಾರಕ್ಕೆ ಬಂದ ಲೈನಿನ ಉದ್ದ 1,300 ಕಿಲೋಮೀಟರ್ ದಾಟಿತ್ತು, ಹೊತ್ತು ತಂದದ್ದು 2,000 ಮೆಗಾವಾಟ್. ದೂರ ಒಂಬತ್ತು ಪಟ್ಟು, ಹೊರೆ 460 ಪಟ್ಟು. 1902ರಲ್ಲಿ 'ಗ್ರಿಡ್ ಸಂಪರ್ಕದ ಕಾನೂನು' ಎಂಬುದರ ಸುಳಿವೇ ಇರಲಿಲ್ಲ. ಒಂದು ಜಲಪಾತ, ಒಬ್ಬ ಗಿರಾಕಿ, ನಡುವೆ ಒಂದು ತಂತಿ; ಕಾಗದದ ಮೇಲೆ ಸರ್ಕಾರಕ್ಕೂ ಗಣಿ ಕಂಪನಿಗೂ ಒಂದು ಕರಾರು. ಆ ಯಂತ್ರಗಳು ಹೊಮ್ಮಿಸುತ್ತಿದ್ದುದು 25 ಹರ್ಟ್ಸ್. ಅವು ಇವತ್ತು ಅರ್ಜಿ ಹಾಕಿದರೆ ಏಳನೇ ಕಲಮಿನ ಬಾಲದಲ್ಲೇ ಸಿಕ್ಕಿಬೀಳುತ್ತವೆ.

ಬೇಲಿ ಕಿತ್ತದ್ದು 2013ರ ಡಿಸೆಂಬರ್ 31ರಂದು. ನಮ್ಮ ರಾಯಚೂರಿನಿಂದ ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಎಳೆದ 208 ಕಿಲೋಮೀಟರಿನ 765 ಕಿಲೋವೋಲ್ಟ್ ಲೈನು ಚಾಲೂ ಆಗಿ ದಕ್ಷಿಣದ ತಾಳ ಉತ್ತರದ ತಾಳದಲ್ಲಿ ಕೂಡಿಕೊಂಡಿತು. ಮಹಾ ಕತ್ತಲೆಯ ಹದಿನೇಳು ತಿಂಗಳ ನಂತರ. ಉತ್ತರ ಬಿದ್ದಾಗ ಬಚಾವಾದದ್ದೇ ಬೇಲಿಯಿಂದ ಎಂದು ಕಣ್ಣಾರೆ ಕಂಡಮೇಲೂ ಬೇಲಿ ತೆಗೆದೆವಲ್ಲ ಎಂದು ಆಗ ಕೆಲವರಿಗೆ ಅನ್ನಿಸಿದ್ದು ಸಹಜ. ಒಂದೇ ವೃತ್ತದಲ್ಲಿ ಕೈಗಳು ಹೆಚ್ಚಿದಷ್ಟೂ ಒಬ್ಬ ಎಡವಿದರೆ ಹಿಡಿದೆತ್ತುವವರೂ ಹೆಚ್ಚು ಎಂಬ ಲೆಕ್ಕ ಗೆದ್ದಿತು. ಅಂದಿನಿಂದ ಗದಗದಲ್ಲಿ ಒಂದು ಗಾಳಿಯಂತ್ರ ಜೋಡಿಸಿದರೂ ಅದು ಗುವಾಹಟಿಯ ದೀಪದ ತಾಳಕ್ಕೆ ಸೇರಿಕೊಂಡಂತೆಯೇ.

ಇಂಥ ವೃತ್ತಕ್ಕೆ ಸೇರುವವನಿಂದ ಕಾನೂನು ಏನನ್ನು ಬಯಸುತ್ತದೆ? ಕೇಂದ್ರ ವಿದ್ಯುತ್ ಪ್ರಾಧಿಕಾರ 2007ರಲ್ಲಿ ಸಂಪರ್ಕದ ಮಾನದಂಡಗಳನ್ನು ಹೊರಡಿಸಿತು, ಗಾಳಿ-ಬಿಸಿಲಿನ ಸ್ಥಾವರಗಳು ಬರತೊಡಗಿದಾಗ 2013ರಲ್ಲೂ 2019ರಲ್ಲೂ ಬಿಗಿಮಾಡಿತು. ನನಗೆ ಅದರಲ್ಲಿ ಬಲು ಇಷ್ಟವಾದದ್ದು ಒಂದು ಷರತ್ತು. ಎಲ್ಲೋ ಸಿಡಿಲು ಹೊಡೆದು ಲೈನಿನ ವೋಲ್ಟೇಜು ಇರಬೇಕಾದ್ದರ ಶೇ. 15ಕ್ಕೆ ಕುಸಿದರೂ ಗಾಳಿ, ಸೋಲಾರ್ ಸ್ಥಾವರಗಳು 300 ಮಿಲಿಸೆಕೆಂಡು ಕಾಲ ಗ್ರಿಡ್ಡಿನ ಕೈ ಬಿಡಕೂಡದು. ಕಣ್ಣಿನ ರೆಪ್ಪೆ ಒಮ್ಮೆ ಮುಚ್ಚಿ ತೆರೆಯಲು ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆಸ್ತಿ ವ್ಯಾಜ್ಯಗಳು ಮೂರು ತಲೆಮಾರು ಎಳೆಯುವ ನಾಡಿನಲ್ಲಿ ರೆಪ್ಪೆ ಬಡಿಯುವಷ್ಟು ಹೊತ್ತಿಗೂ ಒಂದು ಶಾಸನವಿದೆ! ಈ ಷರತ್ತಿಲ್ಲದ ಹಳೆಯ ಗಾಳಿಯಂತ್ರಗಳು ವೋಲ್ಟೇಜು ಚೂರು ಬಾಗಿದರೂ ಸಾಲುಸಾಲಾಗಿ ಕಳಚಿಕೊಳ್ಳುತ್ತಿದ್ದವು. ಐವತ್ತು ಯಂತ್ರ ಕಳಚಿದರೆ ಚಿಂತೆಯಿಲ್ಲ. ಹತ್ತು ಸಾವಿರ ಮೆಗಾವಾಟ್ ಒಟ್ಟಿಗೆ ಕಳಚಿದರೆ ಮತ್ತೊಂದು ಬೀನಾ-ಗ್ವಾಲಿಯರ್.

ಆವರ್ತನದ್ದೂ ಹೀಗೇ. ತಾಳ 47.5ಕ್ಕೆ ಇಳಿಯಲಿ, 52ಕ್ಕೆ ಏರಲಿ, ಸ್ಥಾವರ ಗ್ರಿಡ್ಡಿನ ಕೈ ಬಿಡಕೂಡದು. ದಿನವನ್ನು 96 ತುಂಡು ಮಾಡಿ, ಪ್ರತಿ 15 ನಿಮಿಷಕ್ಕೆ ಎಷ್ಟು ಕೊಡುತ್ತೇನೆಂದು ಮೊದಲೇ ಹೇಳಬೇಕು. ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾಗದಿದ್ದರೆ ದಂಡ. ಮೋಡವನ್ನು ನಂಬಿ ಬದುಕುವ ಸೋಲಾರಿನವನಿಗೆ ಇದು ರೈತನ ಕಷ್ಟವೇ.

ಇಷ್ಟೂ ಆದ ಮೇಲೆ ಬರುವುದು ಸರದಿ. ಇಲ್ಲಿ ಸ್ವಲ್ಪ ಅಮೆರಿಕಕ್ಕೆ ಹೋಗಿಬರೋಣ, ಏಕೆಂದರೆ ಸರದಿಯ ವಿಷಯದಲ್ಲಿ ಆ ದೇಶವನ್ನು ಮೀರಿಸಿದವರಿಲ್ಲ. ನಮ್ಮ ಕಾಯ್ದೆ ಬಂದ 2003ರಲ್ಲೇ ಅಲ್ಲಿನ ಕೇಂದ್ರ ಇಂಧನ ನಿಯಂತ್ರಣ ಆಯೋಗವೂ ದೊಡ್ಡ ಸ್ಥಾವರಗಳ ಗ್ರಿಡ್ ಸಂಪರ್ಕಕ್ಕೆ ಒಂದು ನಿಯಮ ಮಾಡಿತು. ಅದರ ಸಂಖ್ಯೆಯೂ 2003. ಮೊದಲು ಬಂದವನಿಗೆ ಮೊದಲ ಪಾಳಿ, ಒಂದೊಂದೇ ಅರ್ಜಿಯ ತಾಂತ್ರಿಕ ಅಧ್ಯಯನ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅರ್ಜಿ ಹಾಕಲು ಹೆಚ್ಚು ಖರ್ಚಿರಲಿಲ್ಲ. ನಮ್ಮ ಕೆಂಪು ಬಸ್ಸು ನಿಲ್ದಾಣಕ್ಕೆ ಬರುತ್ತಿದ್ದಂತೆ ಕಿಟಕಿಯಿಂದ ಕರ್ಚೀಫು, ಟವೆಲ್ಲು, ಕೆಲವೊಮ್ಮೆ ಮಗುವನ್ನೇ ಒಳಗೆ ತೂರಿಸಿ ಸೀಟು ಹಿಡಿಯುವುದಿಲ್ಲವೇ? ಅಲ್ಲೂ ಅದೇ ಆಯಿತು. ಒಂದು ಯೋಜನೆ ಕಟ್ಟುವ ಮನಸ್ಸಿದ್ದವನು ಐದು ಕಡೆ ಕರ್ಚೀಫು ಹಾಕಿದ. ಮುಂದಿನವನು ಮನಸ್ಸು ಬದಲಿಸಿ ಇಳಿದುಹೋದರೆ ಹಿಂದಿನವರೆಲ್ಲರ ಲೆಕ್ಕ ಮೊದಲಿಂದ ಮಾಡಬೇಕು, ಏಕೆಂದರೆ ಅವನು ಕೊಡಬೇಕಿದ್ದ ಟ್ರಾನ್ಸ್‌ಫಾರ್ಮರಿನ ಖರ್ಚು ಈಗ ಇವರ ತಲೆಗೆ.

2023ರ ಕೊನೆಗೆ ಆ ಸರದಿಯಲ್ಲಿ ನಿಂತಿದ್ದ ಯೋಜನೆಗಳ ಮೊತ್ತ ಸುಮಾರು 26 ಲಕ್ಷ ಮೆಗಾವಾಟ್ ಎಂದು ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ ಲೆಕ್ಕ ಹಾಕಿತು. ಇಡೀ ಅಮೆರಿಕದಲ್ಲಿ ಆಗ ಓಡುತ್ತಿದ್ದ ಎಲ್ಲ ಸ್ಥಾವರಗಳನ್ನು ಕೂಡಿಸಿದರೆ 13 ಲಕ್ಷವೂ ಇಲ್ಲ. ಕಟ್ಟಿರುವುದರ ಎರಡರಷ್ಟು ಬಾಗಿಲಲ್ಲಿ ಕಾಯುತ್ತಿತ್ತು. ಇಡೀ ಭಾರತದ ಈಗಿನ ಸಾಮರ್ಥ್ಯದ ಐದು ಪಟ್ಟು, ಬರೀ ಸರದಿಯಲ್ಲಿ! ಅದರಲ್ಲಿ ಕರ್ಚೀಫು ಎಷ್ಟು, ಮನುಷ್ಯರು ಎಷ್ಟು? 2000ದಿಂದ 2018ರವರೆಗೆ ಬಂದ ಅರ್ಜಿಗಳ ಸಾಮರ್ಥ್ಯದಲ್ಲಿ 2023ರ ಕೊನೆಗೆ ನಿಜಕ್ಕೂ ಕಟ್ಟಿ ನಿಂತದ್ದು ಶೇ. 14. ಅರ್ಜಿ ಹಾಕಿದ ದಿನದಿಂದ ಕರೆಂಟು ಹರಿಯುವ ದಿನದವರೆಗೆ ಈ ಶತಮಾನದ ಆರಂಭದಲ್ಲಿ ಎರಡು ವರ್ಷದೊಳಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಸುಮಾರು ಐದು ವರ್ಷ. ಪೂರ್ವ ಭಾಗದ 13 ರಾಜ್ಯಗಳ ಗ್ರಿಡ್ ನೋಡಿಕೊಳ್ಳುವ ಪಿಜೆಎಂ ಹಳೆಯ ಗಂಟು ಬಿಡಿಸಲೆಂದು ಹೊಸ ಅರ್ಜಿಗಳ ಪರಿಶೀಲನೆಯನ್ನೇ ವರ್ಷಗಟ್ಟಲೆ ನಿಲ್ಲಿಸಬೇಕಾಯಿತು.

2023ರ ಜುಲೈ 28ರಂದು ಆಯೋಗ ನಿಯಮ ಬದಲಿಸಿತು. ಆದೇಶದ ಸಂಖ್ಯೆ, ಊಹಿಸಿದಿರಿ, 2023. ಪುಟಗಳು 1,400ಕ್ಕೂ ಹೆಚ್ಚು. ಸಾರ ಇಷ್ಟು: ಒಂದೊಂದೇ ಅರ್ಜಿಯ ಬದಲು ಗುಂಪಾಗಿ ಅಧ್ಯಯನ, ಮೊದಲು ಬಂದವನ ಬದಲು ಮೊದಲು ತಯಾರಾದವನಿಗೆ ಪಾಳಿ, ಜಮೀನು ತೋರಿಸು, ಠೇವಣಿ ಇಡು, ನಡುವೆ ಇಳಿದುಹೋದರೆ ದಂಡ ಕಟ್ಟು.

ಅದಕ್ಕೆ ಒಂದು ವರ್ಷ ಮೊದಲೇ, 2022ರಲ್ಲಿ, ನಮ್ಮ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವೂ ಅಂತರರಾಜ್ಯ ಲೈನುಗಳ ಸಂಪರ್ಕಕ್ಕೆ ಹೊಸ ನಿಯಮಾವಳಿ ತಂದಿತ್ತು. ಪೂರ್ತಿ ಜಾರಿಯಾದದ್ದು 2023ರ ಅಕ್ಟೋಬರ್ 1ಕ್ಕೆ. ಇಲ್ಲೂ ಕರ್ಚೀಫಿನ ಕಾಟವೇ ಕಾರಣ. ರಾಜಸ್ಥಾನದ ಬಿಸಿಲಿಗೆ ಹತ್ತಿರದ ಸಬ್‌ಸ್ಟೇಷನ್ನಿನಲ್ಲಿ ಒಂದು 'ಬೇ' (ಲೈನು ಜೋಡಿಸುವ ಜಾಗ) ಹಿಡಿದಿಟ್ಟುಕೊಂಡರೆ ಅದೇ ಒಂದು ಸೈಟು ಕೊಂಡಿಟ್ಟಂತೆ. ಈಗ ಅರ್ಜಿ ಹಾಕುವವನ ಸ್ಥಾವರ ಕನಿಷ್ಠ 50 ಮೆಗಾವಾಟಿನದಾಗಿರಬೇಕು. ಪಾವಗಡದ ಲೆಕ್ಕದಲ್ಲಿ ಅದಕ್ಕೇ ಮುನ್ನೂರು ಎಕರೆ ಬೇಕು. ಅರ್ಜಿ ಶುಲ್ಕ 5 ಲಕ್ಷ ರೂಪಾಯಿ, ಮೊದಲ ಬ್ಯಾಂಕ್ ಗ್ಯಾರಂಟಿ 50 ಲಕ್ಷ. ಬೇಕಾದ ಜಮೀನಿನ ಅರ್ಧಕ್ಕೆ ಕಾಗದ ತೋರಿಸಲಾಗದಿದ್ದರೆ ಮೆಗಾವಾಟಿಗೆ 10 ಲಕ್ಷದ ಗ್ಯಾರಂಟಿ. 300 ಮೆಗಾವಾಟಿನವನಿಗೆ ಅದೊಂದೇ 30 ಕೋಟಿ. ಕರ್ಚೀಫು ಈಗ ಸಾಕಷ್ಟು ದುಬಾರಿ ಬಟ್ಟೆ.

2025ರ ತಿದ್ದುಪಡಿಯಲ್ಲಿ ಇನ್ನೂ ಜಾಣತನವಿದೆ. ಸೋಲಾರ್ ಸ್ಥಾವರದ ಲೈನು ಸಂಜೆ ಆರರ ಮೇಲೆ ಬಿಸಾಕಿದ ಹಗ್ಗದಂತೆ ಬಿದ್ದಿರುತ್ತದೆ ತಾನೆ? ಅದೇ ಲೈನನ್ನು ಬಿಸಿಲಿನ ಹೊತ್ತು ಒಬ್ಬನಿಗೆ, ಉಳಿದ ಹೊತ್ತು ಗಾಳಿಯಂತ್ರದವನಿಗೋ ಬ್ಯಾಟರಿಯವನಿಗೋ ಕೊಡಬಹುದು. ಬೆಂಗಳೂರಿನ ಪಿಜಿಗಳಲ್ಲಿ ಹಗಲು ಪಾಳಿಯವನೂ ರಾತ್ರಿ ಪಾಳಿಯವನೂ ಒಂದೇ ಮಂಚಕ್ಕೆ ಬಾಡಿಗೆ ಕಟ್ಟುವ ಪದ್ಧತಿ ಕೊನೆಗೂ ಗೆಜೆಟ್ ಸೇರಿತು.

ಸರದಿ ಮುಗಿದರೂ ಲೈನು ಇರಬೇಕಲ್ಲ. 2021ರಲ್ಲಿ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ಭಾರತ 2030ರೊಳಗೆ 5 ಲಕ್ಷ ಮೆಗಾವಾಟ್ ಪಳೆಯುಳಿಕೆಯೇತರ ಸಾಮರ್ಥ್ಯದ ಮಾತು ಕೊಟ್ಟಿತು. ಅಷ್ಟನ್ನು ಗ್ರಿಡ್ಡಿಗೆ ತರಲು ಏನು ಬೇಕು ಎಂದು ವಿದ್ಯುತ್ ಪ್ರಾಧಿಕಾರ 2022ರ ಡಿಸೆಂಬರಿನಲ್ಲಿ ಲೆಕ್ಕ ಮುಂದಿಟ್ಟಿತು: 50,890 ಸರ್ಕ್ಯೂಟ್ ಕಿಲೋಮೀಟರ್ ಹೊಸ ಲೈನು, 2.44 ಲಕ್ಷ ಕೋಟಿ ರೂಪಾಯಿ. ಆ ವರ್ಷ ಕರ್ನಾಟಕ ಸರ್ಕಾರದ ಇಡೀ ಬಜೆಟ್ಟು 2.65 ಲಕ್ಷ ಕೋಟಿ. ಪಿಂಚಣಿ, ಶಾಲೆ, ರಸ್ತೆ, ಆಸ್ಪತ್ರೆ, ಸಂಬಳ ಎಲ್ಲ ಸೇರಿ ಏಳು ಕೋಟಿ ಜನರ ರಾಜ್ಯ ಒಂದು ವರ್ಷ ನಡೆಯುವಷ್ಟು ದುಡ್ಡು ಬರೀ ತಂತಿಗೆ, ಟವರಿಗೆ, ಟ್ರಾನ್ಸ್‌ಫಾರ್ಮರಿಗೆ.

ಗುಜರಾತಿನ ಕಛ್ ಜಿಲ್ಲೆಯ ಖಾವ್ಡಾದಲ್ಲಿ 72,600 ಹೆಕ್ಟೇರಿನಲ್ಲಿ 30,000 ಮೆಗಾವಾಟಿನ ಪಾರ್ಕ್ ಏಳುತ್ತಿದೆ. 726 ಚದರ ಕಿಲೋಮೀಟರ್ ಎಂದರೆ ಹೆಚ್ಚುಕಡಿಮೆ ಹಿಂದಿನ ಬೃಹತ್ ಬೆಂಗಳೂರು ಪಾಲಿಕೆಯಷ್ಟೇ ವಿಸ್ತಾರ. ಯಲಹಂಕದಿಂದ ಬೊಮ್ಮನಹಳ್ಳಿವರೆಗೆ ಮನೆ, ಮರ, ಕೆರೆ, ಟ್ರಾಫಿಕ್ಕು ಎಲ್ಲ ಒರೆಸಿ ಪ್ಯಾನೆಲ್ಲು, ಗಾಳಿಯಂತ್ರ ನೆಟ್ಟಂತೆ ಊಹಿಸಿಕೊಳ್ಳಿ. ಇಡೀ ಕರ್ನಾಟಕದ ಬೇಡಿಕೆ ಬೇಸಿಗೆಯ ತುತ್ತತುದಿಯಲ್ಲೂ 18 ಸಾವಿರ ಮೆಗಾವಾಟಿನ ಆಸುಪಾಸು. ಖಾವ್ಡಾದಿಂದ ಕರೆಂಟು ಹೊರತರಲು ನಾಗಪುರಕ್ಕೆ ಸುಮಾರು 1,200 ಕಿಲೋಮೀಟರಿನ ±800 ಕಿಲೋವೋಲ್ಟಿನ ಲೈನು ಬೇಕಾಗಿದೆ, ಅದೂ ಹೊರುವುದು 6,000 ಮೆಗಾವಾಟ್ ಮಾತ್ರ. ಐದರಲ್ಲಿ ಒಂದು ಪಾಲು.

ಬಿಸಿಲಿನ ಪ್ಯಾನೆಲ್ಲು ಒಂದೂವರೆ-ಎರಡು ವರ್ಷದಲ್ಲಿ ನಿಲ್ಲುತ್ತದೆ. ಇಂಥ ಲೈನಿಗೆ ಅದರ ಎರಡರಷ್ಟು ಹಿಡಿಯುತ್ತದೆ. ಮದುವೆ ಮನೆಯಲ್ಲಿ ಊಟ ತಯಾರಾಗಿ ಎಲೆ ಬರದಂಥ ಸ್ಥಿತಿ. 2025ರಲ್ಲಿ ರಾಜಸ್ಥಾನದಲ್ಲಿ ತಾತ್ಕಾಲಿಕ ಅನುಮತಿಯಲ್ಲಿದ್ದ ಸಾವಿರಾರು ಮೆಗಾವಾಟ್ ಸೋಲಾರಿಗೆ ಸುಡುಬಿಸಿಲಿನಲ್ಲೇ ಕೈಕಟ್ಟಿ ಕೂರಬೇಕಾಗಿ ಬಂತು. ಇದಕ್ಕೆ ಕಾನೂನೂ ತುಪ್ಪ ಸುರಿದಿದೆ ಎಂಬುದು ನನ್ನ ಅನ್ನಿಸಿಕೆ. 2025ರ ಜೂನ್ 30ರೊಳಗೆ ಚಾಲೂ ಆದ ಸೋಲಾರ್, ಗಾಳಿ ಸ್ಥಾವರಗಳಿಗೆ ಅಂತರರಾಜ್ಯ ಲೈನಿನ ಸಾಗಣೆ ಶುಲ್ಕ 25 ವರ್ಷ ಪೂರ್ತಿ ಮಾಫಿ. ಸಾಗಣೆ ಬಿಟ್ಟಿಯಾದರೆ ಯಾರು ತಾನೆ ಗಿರಾಕಿಯ ಪಕ್ಕದಲ್ಲಿ ಅಂಗಡಿ ಇಡುತ್ತಾರೆ? ಬಿಸಿಲು ಎಲ್ಲಿ ಪ್ರಖರವೋ ಅಲ್ಲಿಗೇ ಎಲ್ಲರೂ ನುಗ್ಗಿದರು.

ಅಲ್ಲಿ ಮೊದಲೇ ಒಬ್ಬರು ವಾಸವಿದ್ದರು. ನಮ್ಮ ಕಡೆ ಎರೆಭೂತ ಎಂದು ಕರೆಯುವ, ದೇಶದಲ್ಲಿ 150ರ ಆಸುಪಾಸು ಉಳಿದಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್. ಭಾರದ ದೇಹ, ಎದುರಿಗೆ ಏನಿದೆ ಎಂದು ಸರಿಯಾಗಿ ಕಾಣದ ಕಣ್ಣು. ಹಾರುತ್ತ ಬಂದು ತಂತಿಗೆ ಬಡಿಯುತ್ತವೆ. 2021ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ವ್ಯಾಪ್ತಿಗೆ ಬಂದದ್ದು ಸುಮಾರು 99,000 ಚದರ ಕಿಲೋಮೀಟರ್, ಅಂದರೆ ಅರ್ಧ ಕರ್ನಾಟಕಕ್ಕೂ ದೊಡ್ಡ ಪ್ರದೇಶ. ಅಲ್ಲಿ ಲೈನುಗಳು ಸಾಧ್ಯವಿರುವಷ್ಟೂ ನೆಲದಡಿ ಹೋಗಬೇಕೆಂದಿತು. ಲಕ್ಷಾಂತರ ವೋಲ್ಟಿನ ಲೈನನ್ನು ಮರಳುಗಾಡಿನಲ್ಲಿ ಹೂಳುವುದು ಆಗದ ಮಾತೆಂದು ಸರ್ಕಾರ ವಾದಿಸಿತು. 2024ರ ಮಾರ್ಚಿನಲ್ಲಿ ಕೋರ್ಟು ಆ ಸಗಟು ಆದೇಶ ಹಿಂದಕ್ಕೆ ಪಡೆದು ತಜ್ಞರ ಸಮಿತಿ ಕೂರಿಸಿತು. ತಲಾ ಹಕ್ಕಿಗೆ ಆರುನೂರು ಚದರ ಕಿಲೋಮೀಟರಿಗೂ ಹೆಚ್ಚಿನ ಆಕಾಶ ಬರೆದುಕೊಟ್ಟ ತೀರ್ಪು ಮೂರು ವರ್ಷ ಬದುಕಿತ್ತು.

ಮನುಷ್ಯರ ನೆಲದ ಕತೆ ಇನ್ನೂ ಹಳೆಯದು. 765 ಕಿಲೋವೋಲ್ಟಿನ ಲೈನಿಗೆ ಸುಮಾರು 65 ಮೀಟರ್ ಅಗಲದ ಪಟ್ಟಿ ಬೇಕು. ರಾಯಚೂರು-ಸೊಲ್ಲಾಪುರದಂಥ ಒಂದು ಲೈನಿನ ಕೆಳಗೆ ಮೂರು ಸಾವಿರಕ್ಕೂ ಹೆಚ್ಚು ಎಕರೆ ಬರುತ್ತದೆ. ಅದರಲ್ಲಿ ತೊಗರಿ ಬೆಳೆಯಬಹುದು, ಮನೆ ಕಟ್ಟುವಂತಿಲ್ಲ. ರೈತನ ಹೊಲದಲ್ಲಿ ಟವರು ನಿಲ್ಲಿಸುವ ಅಧಿಕಾರ ಎಲ್ಲಿಂದ ಬಂತು? ವಿದ್ಯುತ್ ಕಾಯ್ದೆಯ 164ನೇ ಕಲಂ ಅದನ್ನು 1885ರ ಟೆಲಿಗ್ರಾಫ್ ಕಾಯ್ದೆಯಿಂದ ಕಡ ತರುತ್ತದೆ. ಶಿವನಸಮುದ್ರಕ್ಕಿಂತ ಹದಿನೇಳು ವರ್ಷ ಹಿರಿಯ ಕಾನೂನು; 'ತಂದೆಗೆ ಹುಷಾರಿಲ್ಲ, ಕೂಡಲೇ ಹೊರಡು' ಎಂಬ ತಂತಿಗಳು ಓಡಾಡಲೆಂದು ಮಾಡಿದ್ದು. 2013ರ ಜುಲೈಯಲ್ಲಿ ಟೆಲಿಗ್ರಾಮ್ ಸೇವೆ ಸತ್ತಿತು. 2023ರ ದೂರಸಂಪರ್ಕ ಕಾಯ್ದೆ ಆ ಹಳೆಯ ಕಾಯ್ದೆಯನ್ನೇ ರದ್ದುಮಾಡಲು ಹೊರಟಿತು. ರದ್ದುಮಾಡುವಾಗಲೂ ಒಂದು ಮಾತು ಸೇರಿಸಿತು: ವಿದ್ಯುತ್ ಲೈನು ಎಳೆಯುವ ಮಟ್ಟಿಗೆ ಅದರ ಮೂರನೇ ಭಾಗ ಬದುಕಿರತಕ್ಕದ್ದು. ಯಜಮಾನ ಹೋದರೂ ಅವನ ಹೆಸರಿನ ಜಿಪಿಎ ಇನ್ನೂ ಚಾಲ್ತಿಯಲ್ಲಿದೆ. 2024ರ ಜೂನಿನ ಕೇಂದ್ರದ ಮಾರ್ಗಸೂಚಿ ಟವರಿನ ಬುಡದ ನೆಲಕ್ಕೆ ಬೆಲೆಯ ಎರಡರಷ್ಟು, ತಂತಿಯ ಕೆಳಗಿನ ಪಟ್ಟಿಗೆ ಶೇ. 30 ಪರಿಹಾರ ಎಂದಿತು. ಪಾವಗಡದ ರೈತರು ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರುವಾದ ಗುತ್ತಿಗೆ ಹಣ ಎಣಿಸುತ್ತಾರೆ. ತಂತಿಯ ಕೆಳಗಿನವನಿಗೆ ಅಂಥ ವರ್ಷದ ಬಾಡಿಗೆಯಿಲ್ಲ, ಒಂದೇ ಸಲದ ಕಾಸು.

ಇಷ್ಟೆಲ್ಲ ಬಾಲ ಸುತ್ತಿ ಬಂದ ಮೇಲೆ 2024ರ ಫೆಬ್ರುವರಿಯ ಒಂದು ಪುಟ್ಟ ತಿದ್ದುಪಡಿ ಓದಿದರೆ ನಗು ಬರುತ್ತದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಸೇರಿಸಿದ ಆ ಮಾತಿನ ಪ್ರಕಾರ ಮನೆಯ ಚಾವಣಿಯ ಮೇಲೆ 10 ಕಿಲೋವಾಟ್‌ವರೆಗಿನ ಸೋಲಾರ್ ಹಾಕಿಸಿಕೊಳ್ಳುವವನ ಅರ್ಜಿ ಸರಿಯಾಗಿದ್ದರೆ ಸಾಕು, ತಾಂತ್ರಿಕ ಅಧ್ಯಯನವಿಲ್ಲದೆ ಅದು ಒಪ್ಪಿತವಾದಂತೆಯೇ. ಅದೇ ತಿಂಗಳು ಘೋಷಣೆಯಾದ ಸೂರ್ಯ ಘರ್ ಯೋಜನೆಯ ಗುರಿ ಒಂದು ಕೋಟಿ ಮನೆ. ಮನೆಗೆ ಮೂರು ಕಿಲೋವಾಟ್ ಹಿಡಿದರೆ 30,000 ಮೆಗಾವಾಟ್, ಕರಾರುವಾಕ್ಕಾಗಿ ಇನ್ನೊಂದು ಖಾವ್ಡಾ. ಒಂದಕ್ಕೆ ಬೆಂಗಳೂರಿನಷ್ಟು ನೆಲ, ±800 ಕಿಲೋವೋಲ್ಟ್, ಗ್ಯಾರಂಟಿಗಳ ಕಂತೆ. ಇನ್ನೊಂದಕ್ಕೆ ಒಂದು ಕೋಟಿ ಸಹಿ.

1902ರ ಶಿವನಸಮುದ್ರವನ್ನೂ ಹೀಗೆ ಬಿಡಿಸಿ ಹಾಕಬಹುದು. 4.32 ಮೆಗಾವಾಟ್ ಎಂದರೆ ತಲಾ 10 ಕಿಲೋವಾಟಿನ 432 ಚಾವಣಿ, ಒಂದು ಮಧ್ಯಮ ಬಡಾವಣೆ. ಭೋರ್ಗರೆದ ಆ ಆರು ಯಂತ್ರಗಳಷ್ಟು ಸಾಮರ್ಥ್ಯ ಇವತ್ತು ಒಬ್ಬ ಎಂಜಿನಿಯರನೂ ಅಧ್ಯಯನ ಮಾಡದೆ ಗ್ರಿಡ್ಡಿಗೆ ಸೇರಿಕೊಳ್ಳಬಹುದು. ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರು, ನಮ್ಮ ಬಾಯಲ್ಲಿ ಟಿಸಿ, 100 ಕೆವಿಎ ಇದ್ದರೆ ಅಂಥ ಹತ್ತು ಮನೆಗೇ ಅದು ಭರ್ತಿ. ಮಾರ್ಚಿನ ಮಧ್ಯಾಹ್ನ, ಮನೆಯವರೆಲ್ಲ ಜಾತ್ರೆಗೆಂದು ಬೀಗ ಹಾಕಿ ಹೋಗಿರುವಾಗ, ಹತ್ತೂ ಚಾವಣಿಯ ಕರೆಂಟು ಒಟ್ಟಿಗೆ ಆ ಟಿಸಿಯೊಳಗೆ ಹಿಮ್ಮುಖವಾಗಿ ಏರುತ್ತಿರುತ್ತದೆ. ಹನ್ನೊಂದನೇ ಮನೆಯವನ ಅರ್ಜಿ ಹಿಡಿದು ಬಂದ ಲೈನ್‌ಮನ್ ಕಂಬದ ಕೆಳಗೆ ನಿಂತು ಟಿಸಿಯನ್ನೊಮ್ಮೆ, ಅರ್ಜಿಯನ್ನೊಮ್ಮೆ ನೋಡುತ್ತಾನೆ.